ಅನುಪಾತದ ಕೋಷ್ಟಕದಲ್ಲಿ ಬಿಟ್ಟ ಜಾಗ ತುಂಬುವುದು ಹೇಗೆ? ಕೂಡಿಸಿದರೆ ಏಕೆ ತಪ್ಪುತ್ತದೆ?

ಪ್ರಶ್ನೆ: ನನ್ನ ಮಗಳು 6ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅನುಪಾತದ ಪಾಠದಲ್ಲಿ ಕೋಷ್ಟಕ ಕೊಟ್ಟು ಬಿಟ್ಟ ಜಾಗ ತುಂಬಲು ಹೇಳುತ್ತಾರೆ. ಒಂದು ಲೆಕ್ಕದಲ್ಲಿ 4 ಅಚ್ಚು ಬೆಲ್ಲಕ್ಕೆ 6 ಲೋಟ ನೀರು ಹಾಕಿ ಪಾನಕ ಮಾಡುತ್ತಾರೆ ಎಂದಿತ್ತು. 6 ಅಚ್ಚಿಗೆ 8 ಲೋಟ, 14 ಅಚ್ಚಿಗೆ 16 ಲೋಟ ಎಂದು ಬರೆದಿದ್ದಾಳೆ. 12 ಲೋಟ ನೀರಿಗೆ 10 ಅಚ್ಚು ಎಂದಿದ್ದಾಳೆ. ಅಡ್ಡಗುಣಾಕಾರ ಹೇಳಿಕೊಟ್ಟೆ. ಕೆಲವು ಸರಿ ಬರುತ್ತವೆ, ಕೆಲವು ತಲೆಕೆಳಗಾಗುತ್ತವೆ. ಉತ್ತರ ದಶಮಾಂಶದಲ್ಲಿ ಬಂದರಂತೂ ತಪ್ಪಾಯಿತೆಂದು ಅಳಿಸಿಬಿಡುತ್ತಾಳೆ. ಇದನ್ನು ಯಾವ ಕ್ರಮದಲ್ಲಿ ಹೇಳಿಕೊಡಬೇಕು?

ಉತ್ತರ: ಮೊದಲು ಆ ಕೋಷ್ಟಕವನ್ನೇ ಎದುರಿಗಿಟ್ಟುಕೊಳ್ಳೋಣ.

| ಬೆಲ್ಲ (ಅಚ್ಚು) | 4 | 6 | ? | 14 |
|---|---|---|---|---|
| ನೀರು (ಲೋಟ) | 6 | ? | 12 | ? |

ನಿಮ್ಮ ಮಗಳ ಮೂರೂ ಉತ್ತರಗಳ ಹಿಂದೆ ಇರುವುದು ಒಂದೇ ಯೋಚನೆ. 4ಕ್ಕೂ 6ಕ್ಕೂ 2 ವ್ಯತ್ಯಾಸ, ಹಾಗಾಗಿ ಎಲ್ಲ ಕಡೆಯೂ 2 ವ್ಯತ್ಯಾಸ ಇರಬೇಕು. ಇದು ಅಜಾಗರೂಕತೆಯ ತಪ್ಪಲ್ಲ. ಅವಳು ಒಂದು ನಿಯಮ ಕಂಡುಕೊಂಡು ಅದನ್ನು ಎಲ್ಲ ಕಡೆ ನಿಷ್ಠೆಯಿಂದ ಪಾಲಿಸಿದ್ದಾಳೆ. ನಿಯಮ ಮಾತ್ರ ಬೇರೆ ಜಾತಿಯದು. ಆ ನಿಯಮ ಏಕೆ ನಿಲ್ಲುವುದಿಲ್ಲ ಎಂದು ಅವಳಿಗೆ ಕಾಣದ ಹೊರತು ಅಡ್ಡಗುಣಾಕಾರ ಕಲಿಸಿ ಪ್ರಯೋಜನವಿಲ್ಲ. ಹಳೆಯ ಯೋಚನೆ ಒಳಗೇ ಉಳಿದು, ಸೂತ್ರ ಮರೆತ ದಿನ ಮತ್ತೆ ಹೊರಗೆ ಬರುತ್ತದೆ.

ಅದನ್ನು ಕಾಣಿಸುವ ದಾರಿ ಇದು. ಅವಳ ನಿಯಮವನ್ನೇ ಹಿಡಿದು ಎಡಕ್ಕೆ ನಡೆಯಲು ಹೇಳಿ. 4 ಅಚ್ಚಿಗೆ 6 ಲೋಟ. 2 ಅಚ್ಚಿಗೆ? ಅವಳ ಲೆಕ್ಕದಲ್ಲಿ 4 ಲೋಟ. 1 ಅಚ್ಚಿಗೆ? 3 ಲೋಟ. ಬೆಲ್ಲವೇ ಇಲ್ಲದಿದ್ದರೆ? 2 ಲೋಟ. ಇಲ್ಲಿ ನಿಲ್ಲಿಸಿ ಕೇಳಿ: ಬೆಲ್ಲವೇ ಹಾಕದ ಈ 2 ಲೋಟ ನೀರು, ಮೊದಲ ಪಾನಕದಷ್ಟೇ ಸಿಹಿ ಇರುತ್ತದೆಯೇ? ಹತ್ತು ವರ್ಷದ ಮಗುವಿಗೂ ಉತ್ತರ ಗೊತ್ತು. ಇನ್ನು ಬಲಕ್ಕೆ ನಡೆಸಿ. 100 ಅಚ್ಚು ಬೆಲ್ಲಕ್ಕೆ 102 ಲೋಟ ನೀರು. 4 ಅಚ್ಚಿದ್ದಾಗ ಒಂದೊಂದು ಅಚ್ಚಿನ ಪಾಲಿಗೆ ಒಂದೂವರೆ ಲೋಟ ನೀರು ಬರುತ್ತಿತ್ತು, ಈಗ ಹೆಚ್ಚುಕಡಿಮೆ ಒಂದೇ ಲೋಟ. ಪಾನಕ ಪಾಕವಾಗುತ್ತಾ ಹೋಗುತ್ತಿದೆ. ಈ ಎರಡು ತುದಿಗಳನ್ನು ಅವಳ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಅದು ಇನ್ನೊಂದು ನಿಯಮವಾಗುತ್ತದೆ ಅಷ್ಟೆ.

ಇದೇ ತಪ್ಪಿಗೆ ಇನ್ನೊಂದು ರೂಪವಿದೆ. ಅದು ಬಹಳ ಕಾಲ ಸಿಕ್ಕಿಬೀಳುವುದಿಲ್ಲ. ಈ ಕೋಷ್ಟಕ ನೋಡಿ:

| ಬೆಲ್ಲ | 4 | 8 | 12 | 16 | 28 |
|---|---|---|---|---|---|
| ನೀರು | 6 | 12 | 18 | 24 | ? |

ಮೇಲಿನ ಸಾಲಿನಲ್ಲಿ ನಾಲ್ಕು ನಾಲ್ಕು ಕೂಡುತ್ತಾ, ಕೆಳಗಿನ ಸಾಲಿನಲ್ಲಿ ಆರು ಆರು ಕೂಡುತ್ತಾ ಮಕ್ಕಳು ಬರುತ್ತಾರೆ. 24ರವರೆಗೆ ಎಲ್ಲವೂ ಸರಿ. ಆಮೇಲೆ ಮೇಲಿನ ಸಾಲು 16ರಿಂದ 28ಕ್ಕೆ ಜಿಗಿದದ್ದನ್ನು ಗಮನಿಸದೆ ಕೆಳಗೆ ಮತ್ತೊಂದು 6 ಕೂಡಿ 30 ಬರೆಯುತ್ತಾರೆ. ಸರಿಯಾದ ಉತ್ತರ 42. ಎರಡು ಸಾಲುಗಳನ್ನು ಎರಡು ಬೇರೆ ಬೇರೆ ಮಗ್ಗಿಗಳಂತೆ ಓದಿದ್ದರಿಂದ ಆದದ್ದು ಇದು. ಆದ್ದರಿಂದ ಅಭ್ಯಾಸಕ್ಕೆ ಕೋಷ್ಟಕ ಬರೆಯುವಾಗ ಮೇಲಿನ ಸಾಲನ್ನು ಕ್ರಮವಾಗಿ ಜೋಡಿಸಬೇಡಿ. 4, 10, 2, 14, 7 ಎಂದು ಹಿಂದುಮುಂದಾಗಿಯೇ ಬರೆಯಿರಿ. ಆಗ ಮಗು ಕಂಬಸಾಲನ್ನು, ಅಂದರೆ ಮೇಲಿಂದ ಕೆಳಗಿನ ಜೋಡಿಯನ್ನು, ನೋಡಲೇಬೇಕಾಗುತ್ತದೆ.

ಕಂಬಸಾಲು ಒಡೆಯಬಾರದು

ಅನುಪಾತದ ಕೋಷ್ಟಕದಲ್ಲಿ ಒಂದು ಕಂಬಸಾಲು ಎಂದರೆ ಒಂದು ಜೋಡಿ. 4 ಮತ್ತು 6 ಒಟ್ಟಿಗೇ ಹುಟ್ಟಿದವು, ಒಟ್ಟಿಗೇ ಓಡಾಡಬೇಕು. ಇಡೀ ಕೋಷ್ಟಕದಲ್ಲಿ ಮಾಡಬಹುದಾದ ಕೆಲಸಗಳು ಮೂರು. ಒಂದು ಕಂಬಸಾಲಿನ ಎರಡೂ ಸಂಖ್ಯೆಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಬಹುದು. ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಬಹುದು. ಒಂದು ಇಡೀ ಕಂಬಸಾಲಿಗೆ ಇನ್ನೊಂದು ಇಡೀ ಕಂಬಸಾಲನ್ನು ಕೂಡಬಹುದು, ಅಥವಾ ಕಳೆಯಬಹುದು.

ಮೂರನೆಯದನ್ನು ಶಾಲೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ನಿಮ್ಮ ಮಗಳಿಗೆ ಹೆಚ್ಚು ಬೇಕಾದದ್ದು ಅದೇ. ಅವಳಿಗೆ ಕೂಡುವುದು ಸಹಜವಾಗಿ ಬರುತ್ತದೆ. ಕೂಡಲೇಬಾರದು ಎಂದರೆ ಗೊಂದಲವಾಗುತ್ತದೆ. ಕೂಡಬಹುದು, ಆದರೆ ಕೂಡುವುದು ಏನನ್ನು ಎಂಬುದು ಮುಖ್ಯ. ಮೇಲೂ ಕೆಳಗೂ ಬರೀ 2 ಕೂಡಿದರೆ 2 ಅಚ್ಚು ಬೆಲ್ಲ ಮತ್ತು 2 ಲೋಟ ನೀರಿನ ಪಾನಕ ಬೆರೆಸಿದಂತೆ. ಅದು ಹೆಚ್ಚು ಸಿಹಿ, ಬೆರೆತರೆ ರುಚಿ ಕೆಡುತ್ತದೆ. 2 ಅಚ್ಚು ಮತ್ತು 3 ಲೋಟದ ಪಾನಕ ಬೆರೆಸಿದರೆ ರುಚಿ ಬದಲಾಗದು, ಏಕೆಂದರೆ ಅದೂ ಅದೇ ಅನುಪಾತದ್ದು.

ಈಗ ಬಿಟ್ಟ ಜಾಗಗಳನ್ನು ತುಂಬೋಣ. ತುಂಬಿರುವ ಕಂಬಸಾಲು ಒಂದೇ: 4 ಮತ್ತು 6. ಎರಡನ್ನೂ 2ರಿಂದ ಭಾಗಿಸಿದರೆ 2 ಮತ್ತು 3. ಇದನ್ನು ಕೋಷ್ಟಕದ ಪಕ್ಕದಲ್ಲಿ ಹೊಸ ಕಂಬಸಾಲಾಗಿ ಬರೆದುಕೊಳ್ಳಬೇಕು. ಪುಸ್ತಕದಲ್ಲಿ ಕೊಟ್ಟಿಲ್ಲವೆಂದು ಮಕ್ಕಳು ಹೊಸ ಕಂಬಸಾಲು ಸೇರಿಸಲು ಹೆದರುತ್ತಾರೆ, ಧೈರ್ಯವಾಗಿ ಸೇರಿಸಲು ಹೇಳಿ. 2 ಮತ್ತು 3ನ್ನು 3ರಿಂದ ಗುಣಿಸಿದರೆ 6 ಅಚ್ಚಿಗೆ 9 ಲೋಟ. 12 ಲೋಟ ಎಂದರೆ 6 ಲೋಟದ ಎರಡರಷ್ಟು, ಹಾಗಾಗಿ ಬೆಲ್ಲ 4ರ ಎರಡರಷ್ಟು, 8. ಇನ್ನು 14 ಅಚ್ಚು: 2 ಮತ್ತು 3ನ್ನು 7ರಿಂದ ಗುಣಿಸಿದರೆ 21 ಲೋಟ. ಅಥವಾ 8 ಅಚ್ಚಿನ ಕಂಬಸಾಲಿಗೆ 6 ಅಚ್ಚಿನ ಕಂಬಸಾಲು ಕೂಡಿ: 8 + 6 = 14, 12 + 9 = 21. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ತಾಳೆ ನೋಡಿದಂತೆಯೂ ಆಯಿತು.

ಬರೆಯುವ ರೀತಿಯ ಬಗ್ಗೆ ಒಂದು ಮಾತು. ಒಂದು ಕಂಬಸಾಲಿನಿಂದ ಇನ್ನೊಂದಕ್ಕೆ ಹೋಗುವಾಗ ಮೇಲೊಂದು, ಕೆಳಗೊಂದು ಬಾಣ ಎಳೆದು ಎರಡರ ಮೇಲೂ ‘× 3’ ಎಂದೋ ‘÷ 2’ ಎಂದೋ ಬರೆಯಬೇಕು. ಎರಡು ಬಾಣಗಳ ಮೇಲೂ ಒಂದೇ ಬರಹ ಇರಬೇಕು. ಇಲ್ಲದಿದ್ದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಬಾಯಲ್ಲಿ ಲೆಕ್ಕ ಮಾಡುವ ಚುರುಕು ಮಕ್ಕಳೂ ಮೊದಲ ಕೆಲವು ದಿನ ಬಾಣ ಬಿಡಬಾರದು.

ನೇರವಾಗಿ ಹೋಗದಿದ್ದಾಗ

12ಕ್ಕೆ 18, 20ಕ್ಕೆ ಎಷ್ಟು? 12ನ್ನು ಯಾವ ಪೂರ್ಣಸಂಖ್ಯೆಯಿಂದ ಗುಣಿಸಿದರೂ 20 ಬರುವುದಿಲ್ಲ. ಮಕ್ಕಳು ಕೂಡಿಸುವುದಕ್ಕೆ ಮರಳುವುದು ಇಂಥ ಜಾಗದಲ್ಲೇ. ಇಲ್ಲಿ ನಡುವೆ ಒಂದು ಮೆಟ್ಟಿಲು ಬೇಕು. 12 ಮತ್ತು 20 ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು? 4, ಅಂದರೆ ಅವುಗಳ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ). 12ನ್ನು 4ಕ್ಕೆ ಇಳಿಸಲು 3ರಿಂದ ಭಾಗಿಸಬೇಕು. 18 ಕೂಡ 3ರಿಂದ ಭಾಗವಾಗಿ 6 ಆಗುತ್ತದೆ. 4ಕ್ಕೆ 6. ಇನ್ನು 5ರಿಂದ ಗುಣಿಸಿ: 20ಕ್ಕೆ 30. ಇಳಿದು ಹತ್ತುವ ಈ ಕ್ರಮ ಒಮ್ಮೆ ಕೈಗೆ ಬಂದರೆ ಮುಕ್ಕಾಲು ಪಾಲು ಲೆಕ್ಕಗಳು ದಶಮಾಂಶದ ಗೊಡವೆಯಿಲ್ಲದೆ ಮುಗಿಯುತ್ತವೆ.

ಸಾಮಾನ್ಯ ಅಪವರ್ತನ 1 ಮಾತ್ರ ಇದ್ದಾಗ ಇಳಿಯಬೇಕಾದ ಮೆಟ್ಟಿಲೂ 1 ಆಗುತ್ತದೆ. 5 ಕಿಲೋ ಈರುಳ್ಳಿಗೆ 175 ರೂಪಾಯಿ, 8 ಕಿಲೋಗೆ? 1 ಕಿಲೋಗೆ 35, 8 ಕಿಲೋಗೆ 280. ಇದನ್ನೇ ಪಾಠದಲ್ಲಿ ಏಕಮಾನ ಪದ್ಧತಿ ಎನ್ನುವುದು. ಅಂಗಡಿಯಲ್ಲಿ ಎಲ್ಲರೂ ಮಾಡುವುದು ಇದೇ. ಆದರೆ ಎಲ್ಲ ಲೆಕ್ಕಕ್ಕೂ 1ರವರೆಗೆ ಇಳಿಯಬೇಕೆಂಬ ಕಡ್ಡಾಯವಿಲ್ಲ. 6 ಪೆನ್ನಿಗೆ 50 ರೂಪಾಯಿ, 9 ಪೆನ್ನಿಗೆ ಎಷ್ಟು ಎಂದಾಗ 1 ಪೆನ್ನಿಗೆ ಇಳಿದರೆ 8.333 ಎಂಬ ಮುಗಿಯದ ದಶಮಾಂಶ ಎದುರಾಗುತ್ತದೆ. 3 ಪೆನ್ನಿಗೆ ಇಳಿದರೆ 25, ಅಲ್ಲಿಂದ 9ಕ್ಕೆ 75.

ಸಾಲಿನುದ್ದಕ್ಕೆ ಹೋಗುವ ಬದಲು ಕಂಬಸಾಲಿನೊಳಗೇ ಸಂಬಂಧ ಹುಡುಕುವುದೂ ಉಂಟು. 8ಕ್ಕೆ 24, 14ಕ್ಕೆ? 8ರಿಂದ 14ಕ್ಕೆ ಹೋಗುವುದು ಕಷ್ಟ, ಒಂದೂಮುಕ್ಕಾಲರಷ್ಟು. ಮೇಲಿನಿಂದ ಕೆಳಕ್ಕೆ ನೋಡಿದರೆ ಸಲೀಸು, ಮೂರರಷ್ಟು. 14 × 3 = 42. ಇನ್ನೊಂದು ಕಡೆ, 7ಕ್ಕೆ 10, 21ಕ್ಕೆ ಎಷ್ಟು ಎಂದರೆ ಮೇಲಿಂದ ಕೆಳಗೆ ನೋಡುವುದು ಕಷ್ಟ, ಅಡ್ಡಕ್ಕೆ ನೋಡಿದರೆ ಮೂರರಷ್ಟು, 30. ಲೆಕ್ಕ ಶುರು ಮಾಡುವ ಮೊದಲು ಎರಡೂ ದಿಕ್ಕು ನೋಡಿ ಸುಲಭವಾದದ್ದನ್ನು ಆರಿಸುವುದು ಅಭ್ಯಾಸವಾಗಬೇಕು.

ಮೇಲೆ-ಕೆಳಗಿನ ಸಂಬಂಧದಲ್ಲಿ ಎಡವುವ ಜಾಗ ಒಂದೇ. ಪಾನಕದ ಕೋಷ್ಟಕದಲ್ಲಿ ಕೆಳಕ್ಕೆ ಇಳಿಯುವಾಗ ಒಂದೂವರೆಯಿಂದ ಗುಣಿಸುತ್ತೇವೆ. ಕೆಳಗಿನ ಸಂಖ್ಯೆ ಕೊಟ್ಟು ಮೇಲಿನದನ್ನು ಕೇಳಿದರೆ ಒಂದೂವರೆಯಿಂದ ಭಾಗಿಸಬೇಕು. ಮಕ್ಕಳು ಅಲ್ಲಿಯೂ ಗುಣಿಸಿ, 12 ಲೋಟಕ್ಕೆ 18 ಅಚ್ಚು ಎನ್ನುತ್ತಾರೆ. ‘ಈ ಕೋಷ್ಟಕದಲ್ಲಿ ಮೇಲಿನ ಸಂಖ್ಯೆ ದೊಡ್ಡದೋ ಕೆಳಗಿನದೋ?’ ಎಂದು ಮೊದಲೇ ಕೇಳಿ ಉತ್ತರ ಹೇಳಿಸಿದರೆ ಈ ತಪ್ಪು ತಾನಾಗಿ ನಿಲ್ಲುತ್ತದೆ.

ದಶಮಾಂಶ ಬಂದರೆ ಅಳಿಸಬೇಕೇ?

ಬೇಡ. 5 ಅಚ್ಚು ಬೆಲ್ಲಕ್ಕೆ ಏಳೂವರೆ ಲೋಟ ನೀರು ಎಂಬುದು ಪೂರ್ತಿ ಸರಿಯಾದ ಉತ್ತರ. ಪಠ್ಯದ ಮೊದಲ ಲೆಕ್ಕಗಳೆಲ್ಲ ಪೂರ್ಣಸಂಖ್ಯೆಗೇ ಬರುವಂತೆ ಮಾಡಿರುವುದರಿಂದ ಮಕ್ಕಳು ಅದನ್ನೇ ನಿಯಮವೆಂದು ತಿಳಿಯುತ್ತಾರೆ. ಉತ್ತರ ಪೂರ್ಣಸಂಖ್ಯೆ ಆಗಲೇಬೇಕೇ ಎಂಬುದನ್ನು ಕೋಷ್ಟಕ ತೀರ್ಮಾನಿಸುವುದಿಲ್ಲ, ಅಳೆಯುತ್ತಿರುವ ವಸ್ತು ತೀರ್ಮಾನಿಸುತ್ತದೆ. 48 ಮಕ್ಕಳಿಗೆ 1 ಬಸ್ಸು ಎಂದಾದರೆ 200 ಮಕ್ಕಳಿಗೆ ನಾಲ್ಕು ಬಸ್ಸಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ, 5 ಬಸ್ಸು ತರಿಸಬೇಕು. ಹಾಗೆ ಪೂರ್ಣಗೊಳಿಸುವುದು ಲೆಕ್ಕವೆಲ್ಲ ಮುಗಿದ ಮೇಲೆ, ಕಟ್ಟಕಡೆಯಲ್ಲಿ ಮಾತ್ರ.

ನಡುವೆಯೇ ಪೂರ್ಣಗೊಳಿಸಿದರೆ ಏನಾಗುತ್ತದೆ ನೋಡಿ. 7ಕ್ಕೆ 10 ಎಂಬ ಕೋಷ್ಟಕದಲ್ಲಿ 1ಕ್ಕೆ 10/7. ಇದನ್ನು 1.43 ಎಂದು ಬರೆದುಕೊಂಡು 700ಕ್ಕೆ ಎಷ್ಟು ಎಂದು ಗುಣಿಸಿದರೆ 1001 ಬರುತ್ತದೆ. ನಿಜವಾದ ಉತ್ತರ 1000. ಆ 1 ಎಲ್ಲಿಂದ ಬಂತೆಂದು ಮಗು ತಲೆ ಕೆಡಿಸಿಕೊಳ್ಳುತ್ತದೆ. 10/7 ಎಂದೇ ಭಿನ್ನರಾಶಿಯಾಗಿ ಉಳಿಸಿಕೊಳ್ಳಬೇಕು. ಭಿನ್ನರಾಶಿ ಎಂದರೆ ಇನ್ನೂ ಮಾಡದೆ ಉಳಿಸಿಕೊಂಡ ಭಾಗಾಕಾರ. ಮುಂದೆ ಗುಣಿಸುವಾಗ ಅದು ಅನೇಕ ಸಲ ತಾನೇ ಹೊಡೆದುಹೋಗುತ್ತದೆ.

ಮೂರು ಸಾಲು, ಮೊತ್ತದ ಸಾಲು

ಮುಂದಿನ ಹಂತದ ಕೋಷ್ಟಕಗಳಲ್ಲಿ ಎರಡಕ್ಕಿಂತ ಹೆಚ್ಚು ಸಾಲುಗಳಿರುತ್ತವೆ. ಮನೆ ಕಟ್ಟುವ ಜಾಗದಲ್ಲಿ ಕಾಣುವ ಕಾಂಕ್ರೀಟ್ ಇದಕ್ಕೆ ಒಳ್ಳೆಯ ಉದಾಹರಣೆ. ಎಂ20 ಎಂಬ ಬಲದ ದರ್ಜೆಯ ಕಾಂಕ್ರೀಟಿಗೆ ವಾಡಿಕೆಯ ಮಿಶ್ರಣ ಸಿಮೆಂಟ್ 1, ಮರಳು 1½, ಜಲ್ಲಿ 3. ಬಾಂಡ್ಲಿಯಲ್ಲಿ ಅಳೆದರೆ:

| ಸಿಮೆಂಟ್ | 1 | 2 | ? | ? |
|---|---|---|---|---|
| ಮರಳು | 1½ | ? | ? | ? |
| ಜಲ್ಲಿ | 3 | ? | 15 | ? |
| ಒಟ್ಟು ಒಣ ಸಾಮಗ್ರಿ | 5½ | ? | ? | 44 |

ಎರಡನೆಯ ಕಂಬಸಾಲು 2, 3, 6, 11. ಮೂರನೆಯದರಲ್ಲಿ ಜಲ್ಲಿ 3ರಿಂದ 15ಕ್ಕೆ ಐದರಷ್ಟಾಗಿದೆ, ಆದ್ದರಿಂದ ಎಲ್ಲವೂ ಐದರಷ್ಟು: 5, 7½, 15, 27½. ನಾಲ್ಕನೆಯದರಲ್ಲಿ ಮೊತ್ತ ಮಾತ್ರ ಗೊತ್ತು. 44ನ್ನು 5½ರಿಂದ ಭಾಗಿಸಿದರೆ 8. ಸಿಮೆಂಟ್ 8, ಮರಳು 12, ಜಲ್ಲಿ 24. ಕೂಡಿ ನೋಡಿದರೆ 44.

ಮೊತ್ತ ಕೊಟ್ಟು ಪಾಲು ಕೇಳುವ ಲೆಕ್ಕಗಳಲ್ಲಿ ಮಕ್ಕಳು ಸೋಲುವುದು ಮೊತ್ತಕ್ಕೆಂದು ಒಂದು ಸಾಲು ಬರೆದುಕೊಳ್ಳದೆ ಇರುವುದರಿಂದ. ‘ಇಬ್ಬರ ಹಣ 5:3ರಲ್ಲಿದೆ, ಒಬ್ಬರಿಗೆ ಇನ್ನೊಬ್ಬರಿಗಿಂತ 14 ರೂಪಾಯಿ ಹೆಚ್ಚು’ ಎಂಬ ಲೆಕ್ಕಕ್ಕೂ ಇದೇ ಉಪಾಯ. 5, 3ರ ಕೆಳಗೆ ವ್ಯತ್ಯಾಸದ ಸಾಲು ಬರೆದು 2 ಎಂದು ತುಂಬಿ. 2ರಿಂದ 14 ಆಗಬೇಕಾದರೆ ಏಳರಷ್ಟು. ಹಣ 35 ಮತ್ತು 21. ಮೊತ್ತವೂ ವ್ಯತ್ಯಾಸವೂ ಉಳಿದ ಸಾಲುಗಳಂತೆಯೇ ಅದೇ ಗುಣಕದಿಂದ ಬೆಳೆಯುತ್ತವೆ. ವ್ಯತ್ಯಾಸ ಎಲ್ಲ ಕಡೆ ಒಂದೇ ಇರುವುದಿಲ್ಲ, ಅದೂ ಗುಣಕದ ಜೊತೆಗೇ ಹಿಗ್ಗುತ್ತದೆ ಎಂಬುದು ಮಗಳಿಗೆ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಕಾಂಕ್ರೀಟಿನ ಕೋಷ್ಟಕದಲ್ಲಿ ಇನ್ನೊಂದು ಪಾಠವಿದೆ, ಸ್ವಲ್ಪ ದೊಡ್ಡ ಮಕ್ಕಳಿಗೆ ತೋರಿಸಿ. 44 ಬಾಂಡ್ಲಿ ಒಣ ಸಾಮಗ್ರಿಗೆ ನೀರು ಹಾಕಿ ಕಲಸಿದರೆ 44 ಬಾಂಡ್ಲಿ ಕಾಂಕ್ರೀಟ್ ಸಿಗುವುದಿಲ್ಲ. ಜಲ್ಲಿಯ ನಡುವಿನ ಸಂದುಗಳಲ್ಲಿ ಮರಳು, ಮರಳಿನ ಸಂದುಗಳಲ್ಲಿ ಸಿಮೆಂಟ್ ಸೇರಿಕೊಂಡು ಗಾತ್ರ ಕುಗ್ಗುತ್ತದೆ. 1 ಘನ ಮೀಟರ್ ಕಾಂಕ್ರೀಟಿಗೆ 1.54 ಘನ ಮೀಟರ್ ಒಣ ಸಾಮಗ್ರಿ ಎಂದು ಅಂದಾಜು ಹಾಕುವುದು ರೂಢಿ. 1.54ನ್ನು 5½ರಿಂದ ಭಾಗಿಸಿದರೆ ಸಿಮೆಂಟ್ 0.28 ಘನ ಮೀಟರ್. 50 ಕಿಲೋ ಚೀಲದ ಗಾತ್ರ ಸುಮಾರು 0.035 ಘನ ಮೀಟರ್, ಹಾಗಾಗಿ 8 ಚೀಲ. ಮರಳು 0.42, ಜಲ್ಲಿ 0.84. ಸಿದ್ಧ ಕಾಂಕ್ರೀಟಿನ ಸಾಲು ಉಳಿದ ಸಾಲುಗಳ ಮೊತ್ತವಲ್ಲ, ಆದರೂ ಅದೇ ಅನುಪಾತದ ಕೋಷ್ಟಕದಲ್ಲಿ ನ್ಯಾಯವಾಗಿ ಕೂರುತ್ತದೆ. ನೀರಿಗೆ ಇನ್ನೊಂದು ಸಾಲು ಬರೆಯುವುದಾದರೆ ಎಚ್ಚರ: ನೀರು-ಸಿಮೆಂಟ್ ಅನುಪಾತ 0.5 ಎನ್ನುವುದು ತೂಕದಲ್ಲಿ. 50 ಕಿಲೋ ಚೀಲಕ್ಕೆ 25 ಲೀಟರ್. 1 ಬಾಂಡ್ಲಿ ಸಿಮೆಂಟಿಗೆ ಅರ್ಧ ಬಾಂಡ್ಲಿ ನೀರು ಎಂದು ಓದಿದರೆ ನೀರು ಕಡಿಮೆಯಾಗುತ್ತದೆ, ಏಕೆಂದರೆ ಒಂದು ಲೀಟರ್ ಸಿಮೆಂಟ್ ಒಂದು ಲೀಟರ್ ನೀರಿಗಿಂತ ಭಾರ.

ಮಾನ ಬೇರೆಯಾದಾಗ

ಪ್ರತಿ ಸಾಲಿನ ಮುಂದೆ ಅದರ ಮಾನ ಬರೆದಿರಲೇಬೇಕು. ಇಡ್ಲಿಗೆ ಉದ್ದು 1 ಪಾವು, ಅಕ್ಕಿ 3 ಪಾವು. ಅಕ್ಕಿ 3 ಸೇರು ನೆನೆಹಾಕಿದರೆ ಉದ್ದು ಎಷ್ಟು ಪಾವು? ಕೋಷ್ಟಕದಲ್ಲಿ 3ರ ಮೇಲೆ 1 ಕಂಡ ಮಗು ಮತ್ತೆ 1 ಬರೆಯುತ್ತದೆ. 3 ಸೇರು ಎಂದರೆ 12 ಪಾವು, ಉದ್ದು 4 ಪಾವು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 7 ಸೆಂಟಿಮೀಟರ್ ದೂರವೆಂದರೆ ನೆಲದ ಮೇಲೆ 3,50,000 ಸೆಂಟಿಮೀಟರ್, ಅಂದರೆ ಮೂರೂವರೆ ಕಿಲೋಮೀಟರ್. ಇಲ್ಲಿ ಸೊನ್ನೆ ಲೆಕ್ಕ ತಪ್ಪುವುದೇ ಹೆಚ್ಚು. ‘2 ಸೆಂ.ಮೀ.ಗೆ 1 ಕಿ.ಮೀ.’ ಎಂಬ ಕಂಬಸಾಲನ್ನು ಒಮ್ಮೆ ಸರಿಯಾಗಿ ಕಂಡುಹಿಡಿದು ಬರೆದಿಟ್ಟುಕೊಂಡರೆ ಮುಂದಿನದೆಲ್ಲ ಅರ್ಧ ಮಾಡುವುದಷ್ಟೇ.

ಅಡ್ಡಗುಣಾಕಾರ

ಇಷ್ಟೆಲ್ಲ ಕೈಗೆ ಹತ್ತಿದ ಮೇಲೆ ಅಡ್ಡಗುಣಾಕಾರ ಕಲಿಸಿ. ಅದೂ ಕೋಷ್ಟಕದಿಂದಲೇ ಬರುತ್ತದೆ ಎಂದು ತೋರಿಸಿ. ಎರಡು ಕಂಬಸಾಲುಗಳು: 4ಕ್ಕೆ 6, 14ಕ್ಕೆ ಗೊತ್ತಿಲ್ಲ. ಮೊದಲನೆಯ ಕಂಬಸಾಲನ್ನು 14ರಿಂದಲೂ ಎರಡನೆಯದನ್ನು 4ರಿಂದಲೂ ಗುಣಿಸಿ. ಎರಡರಲ್ಲೂ ಬೆಲ್ಲ 56 ಆಗುತ್ತದೆ. ಬೆಲ್ಲ ಒಂದೇ ಆದಮೇಲೆ ನೀರೂ ಒಂದೇ ಆಗಬೇಕು. ಮೊದಲನೆಯದರಲ್ಲಿ ನೀರು 6 × 14, ಎರಡನೆಯದರಲ್ಲಿ ಗೊತ್ತಿಲ್ಲದ್ದರ ನಾಲ್ಕರಷ್ಟು. ಆದ್ದರಿಂದ 84ನ್ನು 4ರಿಂದ ಭಾಗಿಸಿ, 21. ಓರೆಯಾಗಿ ಗುಣಿಸುವುದು ಏಕೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ರಹಸ್ಯವೇನೂ ಇಲ್ಲ.

ನಿಮ್ಮ ಮಗಳಿಗೆ ಕೆಲವು ಸಲ ತಲೆಕೆಳಗಾಗುವುದು ಜೋಡಿಸುವ ಹಂತದಲ್ಲಿ. ಕೋಷ್ಟಕ ಬರೆಯದೆ ನೇರವಾಗಿ ಭಿನ್ನರಾಶಿ ಬರೆದಾಗ ಒಂದು ಕಡೆ ಬೆಲ್ಲ ಮೇಲೆ, ಇನ್ನೊಂದು ಕಡೆ ನೀರು ಮೇಲೆ ಬಂದುಬಿಡುತ್ತದೆ. 4/6 = ?/14 ಎಂದು ಬರೆದರೆ 14 ಅಚ್ಚು ಬೆಲ್ಲ ನೀರಿನ ಜಾಗದಲ್ಲಿ ಕೂತಿತು. ಗುಣಾಕಾರ, ಭಾಗಾಕಾರ ಎಲ್ಲ ಸರಿಯಾಗಿದ್ದರೂ ಉತ್ತರ 9⅓ ಬರುತ್ತದೆ. 14 ಅಚ್ಚು ಬೆಲ್ಲಕ್ಕೆ ಒಂಬತ್ತೇ ಲೋಟ ನೀರು! ಬೆಲ್ಲಕ್ಕಿಂತ ನೀರು ಕಡಿಮೆ ಬಂತಲ್ಲ ಎಂದು ಅಲ್ಲಿಯೇ ಹಿಡಿಯಬಹುದು.

ಹಿಂದಿನವರು ಈ ಜೋಡಣೆಗೇ ನಿಯಮ ಮಾಡಿಟ್ಟಿದ್ದರು. 499ರಲ್ಲಿ ಆರ್ಯಭಟ ಹೇಳಿದ ತ್ರೈರಾಶಿಕದಲ್ಲಿ ಗೊತ್ತಿರುವ ಮೂರು ರಾಶಿಗಳಿಗೆ ಪ್ರಮಾಣ, ಫಲ, ಇಚ್ಛೆ ಎಂದು ಹೆಸರು. ನಮ್ಮ ಲೆಕ್ಕದಲ್ಲಿ ಪ್ರಮಾಣ 4 ಅಚ್ಚು, ಫಲ 6 ಲೋಟ, ಇಚ್ಛೆ 14 ಅಚ್ಚು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಇನ್ನೂ ಸ್ಪಷ್ಟವಾಗಿ, ಪ್ರಮಾಣ ಮತ್ತು ಇಚ್ಛೆ ಒಂದೇ ಜಾತಿಯವು, ಅವನ್ನು ಮೊದಲಿಗೂ ಕೊನೆಗೂ ಇಡಬೇಕು, ಬೇರೆ ಜಾತಿಯ ಫಲ ನಡುವೆ ಬರಬೇಕು ಎಂದರು. ನಡುವಿನದನ್ನು ಕೊನೆಯದರಿಂದ ಗುಣಿಸು, ಮೊದಲಿನದರಿಂದ ಭಾಗಿಸು. ಇವರ ನಡುವೆ, 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರೂ ತ್ರೈರಾಶಿಕಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟರು. ಬೆಲ್ಲ, ನೀರು, ಬೆಲ್ಲ ಎಂಬ ಆ ಕ್ರಮದಲ್ಲಿ ಬರೆದುಕೊಂಡರೆ ಇಂದಿಗೂ ಜೋಡಣೆ ತಪ್ಪುವುದಿಲ್ಲ.

ಇದು ಅನುಪಾತದ ಕೋಷ್ಟಕವೇ ಅಲ್ಲದಿದ್ದರೆ?

ಎರಡು ಸಾಲು ಕಂಡ ತಕ್ಷಣ ಗುಣಿಸಲು ಹೊರಡುವುದೂ ತಪ್ಪೇ. ಅಕ್ಕನಿಗೆ 12, ತಂಗಿಗೆ 6 ವರ್ಷ. ಅಕ್ಕನಿಗೆ 24 ಆದಾಗ ತಂಗಿಗೆ 12 ಅಲ್ಲ, 18. ಇಲ್ಲಿ ವ್ಯತ್ಯಾಸವೇ ನಿಯಮ, ಮಗಳ ಹಳೆಯ ಯೋಚನೆಗೆ ನ್ಯಾಯವಾದ ಜಾಗ ಇದು. ಸೆಲ್ಸಿಯಸ್ 10ಕ್ಕೆ ಫ್ಯಾರನ್‌ಹೀಟ್ 50, 20ಕ್ಕೆ 100 ಅಲ್ಲ, 68. ಸೊನ್ನೆಗೆ 32 ಇರುವುದೇ ಕಾರಣ. ಸೊನ್ನೆಗೆ ಸೊನ್ನೆ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಇದು ಅಗತ್ಯವಾದ ಪರೀಕ್ಷೆ, ಆದರೆ ಅದೊಂದೇ ಸಾಲದು.

ಆಟೋ ಬಾಡಿಗೆಯನ್ನೇ ನೋಡಿ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ ಕನಿಷ್ಠ ದರ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. 2ಕ್ಕೆ 36, 3ಕ್ಕೆ 54, 5ಕ್ಕೆ 90, 10ಕ್ಕೆ 180. ಭಾಗಿಸಿ ನೋಡಿದರೆ ಎಲ್ಲ ಕಡೆ 18, ಶುದ್ಧ ಅನುಪಾತ. ಆದರೆ 1 ಕಿಲೋಮೀಟರಿಗೆ ಎಷ್ಟು ಎಂದು ಕೋಷ್ಟಕದಿಂದ 18 ಎಂದರೆ ತಪ್ಪು, ಕನಿಷ್ಠ ದರ 36 ಕೊಡಲೇಬೇಕು. ಅನುಪಾತ ಇಲ್ಲಿ 2 ಕಿಲೋಮೀಟರಿನಿಂದ ಆಚೆಗೆ ಮಾತ್ರ ನಿಲ್ಲುತ್ತದೆ. ಏಕಮಾನ ಪದ್ಧತಿಯಲ್ಲಿ 1ಕ್ಕೆ ಇಳಿದು 18 ಎಂದು ಬರೆದುಕೊಂಡು 7 ಕಿಲೋಮೀಟರಿಗೆ 126 ಎಂದು ತೆಗೆದರೆ ಉತ್ತರ ಸರಿ. ನಡುವಿನ ಮೆಟ್ಟಿಲನ್ನೇ ಬಾಡಿಗೆಯೆಂದು ಓದಬಾರದು ಅಷ್ಟೆ.

ಒಂದು ಹೆಚ್ಚಾದಂತೆ ಇನ್ನೊಂದು ಕಡಿಮೆಯಾಗುವ ಕೋಷ್ಟಕ ವಿಲೋಮ ಅನುಪಾತದ್ದು. 6 ಆಳು 10 ದಿನದಲ್ಲಿ ಮುಗಿಸುವ ಕೆಲಸವನ್ನು 15 ಆಳು 4 ದಿನದಲ್ಲಿ ಮುಗಿಸುತ್ತಾರೆ. ಅಲ್ಲಿ ಪ್ರತಿ ಕಂಬಸಾಲಿನ ಗುಣಲಬ್ಧ ಒಂದೇ, 60. ಅದು 8ನೇ ತರಗತಿಗೆ ಬರುತ್ತದೆ, ಈಗ ಬೇಡ.

ತಾಳೆ ನೋಡುವುದು, ಅಭ್ಯಾಸ

ತುಂಬಿದ ಕೋಷ್ಟಕದ ಪ್ರತಿ ಕಂಬಸಾಲಿನಲ್ಲಿ ಕೆಳಗಿನದನ್ನು ಮೇಲಿನದರಿಂದ ಭಾಗಿಸಿ. ಪಾನಕದ್ದಕ್ಕೆ ಎಲ್ಲ ಕಡೆ 1.5 ಬರಬೇಕು. ಮಗಳ ಮೊದಲ ಉತ್ತರಗಳಿಗೆ ಇದನ್ನೇ ಮಾಡಿಸಿದರೆ 8/6, 12/10, 16/14 ಎಂದು ಬೇರೆ ಬೇರೆ ಬರುವುದು ಅವಳಿಗೇ ಕಾಣುತ್ತದೆ. ಇನ್ನೊಂದು ದಾರಿ ಗ್ರಾಫ್ ಹಾಳೆ. ಬೆಲ್ಲವನ್ನು ಅಡ್ಡಕ್ಕೆ, ನೀರನ್ನು ಉದ್ದಕ್ಕೆ ಗುರುತಿಸಿ ಸ್ಕೇಲ್ ಇಟ್ಟರೆ ಎಲ್ಲ ಬಿಂದುಗಳೂ ಒಂದೇ ನೇರ ಗೆರೆಯಲ್ಲಿರಬೇಕು, ಆ ಗೆರೆ ಸೊನ್ನೆಯ ಮೂಲಕವೇ ಹಾಯಬೇಕು. ಅವಳ ಹಳೆಯ ಉತ್ತರಗಳೂ ನೇರ ಗೆರೆಯಲ್ಲೇ ಬೀಳುತ್ತವೆ, ಆದರೆ ಆ ಗೆರೆ ಸೊನ್ನೆ ಬಿಟ್ಟು ನೀರಿನ ಅಕ್ಷದ 2ರ ಮೂಲಕ ಹಾಯುತ್ತದೆ. ಬರೀ ನೇರ ಗೆರೆ ಸಾಲದು ಎಂಬುದು ಆ ಹಾಳೆಯಲ್ಲಿ ತಾನಾಗಿ ತಿಳಿಯುತ್ತದೆ.

ಮನೆಯಲ್ಲಿ ದಿನಕ್ಕೆ ಎರಡು ಕೋಷ್ಟಕ ಸಾಕು. ಮೊದಲು ಪೂರ್ಣಸಂಖ್ಯೆಯ ಗುಣಕಗಳು, ನಂತರ ನಡುವೆ ಇಳಿಯಬೇಕಾದವು, ಆಮೇಲೆ ದಶಮಾಂಶ ಬರುವವು. ಉತ್ತರದ ಜೊತೆಗೆ ಯಾವ ಕಂಬಸಾಲಿನಿಂದ ಬಂದೆ ಎಂದು ಪ್ರತಿ ಸಲ ಹೇಳಿಸಿ. ಕೊನೆಯ ಹಂತಕ್ಕೆ ಇದನ್ನು ಕೊಡಿ:

| ಎ | 6 | 9 | ? | 1 | ? |
|---|---|---|---|---|---|
| ಬಿ | 10 | ? | 35 | ? | 0.5 |

6 ಮತ್ತು 10ನ್ನು 3 ಮತ್ತು 5ಕ್ಕೆ ಇಳಿಸಿಕೊಂಡರೆ ಉಳಿದದ್ದು ಹಗುರ. 9ಕ್ಕೆ 15. 35 ಎಂದರೆ 5ರ ಏಳರಷ್ಟು, ಮೇಲೆ 21. 1ಕ್ಕೆ 5/3, ಅಂದರೆ 1⅔, ಇದನ್ನು 1.67 ಎಂದು ಬರೆದಿದ್ದರೆ 3ರಿಂದ ಗುಣಿಸಿ ನೋಡಲು ಹೇಳಿ, 5.01 ಬರುತ್ತದೆ. 0.5 ಎಂದರೆ 5ರ ಹತ್ತನೇ ಒಂದು, ಮೇಲೆ 0.3. ಈ ಕೊನೆಯ ಮನೆಯನ್ನು ಅವಳು ಅಡ್ಡಗುಣಾಕಾರವಿಲ್ಲದೆ 3ನ್ನು 10ರಿಂದ ಭಾಗಿಸಿಯೇ ತುಂಬಿದರೆ ಮುಂದಿನ ಪಾಠಕ್ಕೆ, ಶೇಕಡಾ ಲೆಕ್ಕಕ್ಕೆ, ಹೋಗಬಹುದು. ಅದು ಕೂಡ ಒಂದು ಸಾಲಿನಲ್ಲಿ ಯಾವಾಗಲೂ 100 ಇರುವ ಇಂಥದೇ ಕೋಷ್ಟಕ.